ಎರಡು ಸಾಲು ಹೆಚ್ಚಿಗೆ

"ನೀನು ನಡುವೆ ಕೂರಕ್ಕ," ಎಂದ ಪಾಲಾಕ್ಷ.

ಚಳ್ಳಕೆರೆಯ ಟಾಕೀಸಿನಲ್ಲಿ ಮಾರ್ನಿಂಗ್ ಷೋಗೆ ಇಪ್ಪತ್ತು ಮಂದಿಯೂ ಇರಲಿಲ್ಲ. ಎಲ್ಲಿ ಬೇಕಾದರೂ ಕೂರಬಹುದಿತ್ತು. ಆದರೂ ವನಜಾಕ್ಷಿಯ ಎಡಕ್ಕೆ ಪಾಲಾಕ್ಷ ಕೂತ, ಬಲಕ್ಕೆ ಮುರುಗೇಂದ್ರಪ್ಪ ಮೇಷ್ಟ್ರು ಕೂತರು. ಕಳ್ಳರನ್ನು ಜೀಪಿನಲ್ಲಿ ಕರೆದೊಯ್ಯುವಾಗ ಪೊಲೀಸರು ಹೀಗೇ ಕೂರುತ್ತಾರೆ. ಅವಳಿಗೆ ಅದು ಅರ್ಥವಾಗಲೆಂದೇ ಅವನು ಹಾಗೆ ಕೂತದ್ದು, ಅವಳಿಗೆ ಅರ್ಥವೂ ಆಯಿತು.

ಮೇಷ್ಟ್ರು ಕೊಂಡ್ಲಹಳ್ಳಿಯವರು. ಹಾರ್ಮೋನಿಯಂ ನುಡಿಸಿಕೊಂಡು ಊರೂರಿನವರಿಗೆ ನಾಟಕ ಕಲಿಸುವವರು. 'ಕಲ್ಲುಗೋಡೆ ಕಲ್ಯಾಣ' ಅವರೇ ಬರೆದು, ರಾಗ ಹಾಕಿ, ಮೂವತ್ತು ವರ್ಷ ಆಡಿಸಿದ ನಾಟಕ. ನೇಕಾರರ ಹುಡುಗಿಯನ್ನು ಪ್ರೀತಿಸಿದ ತಪ್ಪಿಗೆ ಪಾಳೇಗಾರನ ತಮ್ಮನನ್ನು ಕೋಟೆಗೋಡೆಯೊಳಗೆ ಜೀವಂತ ಇಟ್ಟು ಕಟ್ಟಿಬಿಡುತ್ತಾರೆ. ಹುಡುಗಿಯ ಮದುವೆಯ ದಿನ ಅವನು ಪ್ರೇತವಾಗಿ ಬಂದು ಹಾಡುತ್ತಾನೆ. ಪ್ರೇತ ಪಾಲಾಕ್ಷ, ಹಗಲು ಮೊಳಕಾಲ್ಮೂರಿನಲ್ಲಿ ಮಗ್ಗದ ಮುಂದೆ ಕೂರುವ ಮನುಷ್ಯ, ಮುಖಕ್ಕೆ ಬಿಳಿ ಬಳಿದುಕೊಂಡರೆ ಮಕ್ಕಳು ಕಿರುಚುತ್ತಿದ್ದವು. ಹುಡುಗಿ ವನಜಾಕ್ಷಿ. ಚಳ್ಳಕೆರೆಯಿಂದ ಕರೆಸಿಕೊಳ್ಳುತ್ತಿದ್ದ ಕಲಾವಿದೆ. ಈಗ ಅವಳಿಗೆ ನಲವತ್ತೈದು, ಸ್ಟೇಜಿನ ಮೇಲೆ ಮಾತ್ರ ಇಪ್ಪತ್ತೆರಡು ವರ್ಷದಿಂದ ಹದಿನೆಂಟೇ.

ಮೇಷ್ಟ್ರು ನಾಟಕದ ಪುಸ್ತಕವನ್ನು ಯಾರ ಕೈಗೂ ಕೊಟ್ಟವರಲ್ಲ. ಅವರವರ ಪಾರ್ಟನ್ನು ಅವರವರಿಗಷ್ಟೇ ಬರೆದು ಕೊಡುವರು. ಎದುರಿನವರದು ಏನಿದ್ದರೂ ಕೊನೆಯ ಎರಡು ಪದ, ತಮ್ಮ ಮಾತು ಎಲ್ಲಿ ಎತ್ತಿಕೊಳ್ಳಬೇಕೆಂದು ತಿಳಿಯಲು, ಅಷ್ಟೇ. ನಾಟಕ ನಡೆಯುವಾಗ ಜನರ ನಡುವೆ ಯಾರದಾದರೂ ಮೊಬೈಲು ಎದ್ದು ನಿಂತರೆ ಹಾರ್ಮೋನಿಯಂ ನಿಲ್ಲಿಸಿಬಿಡುವರು. ಕೊನೆಯ ಸೀನಿನಲ್ಲಿ ಗೋಡೆಯೊಳಗಿಂದ ಬರುವ ಹಾಡನ್ನಂತೂ ಪಾಲಾಕ್ಷನಿಗೂ ಕೊಟ್ಟಿರಲಿಲ್ಲ. ಸೈಡ್‌ವಿಂಗಿನ ಮರೆಯಲ್ಲಿ ಕೂತು ತಾವೇ ಹಾಡುತ್ತಿದ್ದರು.

ಇಷ್ಟೆಲ್ಲ ಕಾವಲಿದ್ದರೂ ಹೋದ ತಿಂಗಳು ಎಲ್ಲರ ಮೊಬೈಲಿಗೂ ಒಂದು ಸಿನಿಮಾದ ಟ್ರೈಲರ್ ಬಂತು. ಅದೇ ಕೋಟೆ, ಅದೇ ಹುಡುಗಿ, ಅದೇ ರಾಗ. ಹೋದ ವರ್ಷ ಸಿನಿಮಾದವರು ಇಬ್ಬರು ವನಜಾಕ್ಷಿಯ ಮನೆಗೆ ಬಂದು ಟೀ ಕುಡಿದು ಹೋದದ್ದನ್ನು ಬೀದಿಯೆಲ್ಲ ಕಂಡಿತ್ತು. "ನನಗೇನೂ ಗೊತ್ತಿಲ್ರಪ್ಪ, ಮೇಷ್ಟ್ರನ್ನ ಕೇಳ್ರಿ ಅಂತ ಕಳಿಸ್ದೆ," ಎಂದು ಅವಳು ಬಾಯಿ ಬಡಿದುಕೊಂಡಳು. "ನಮ್ಮನಿಗೆ ಯಾರೂ ಬರ್ಲಿಲ್ಲ," ಎಂದರು ಮೇಷ್ಟ್ರು. ಅಲ್ಲಿಗೆ ಕಳ್ಳಿ ಅವಳೇ ಎಂದು ತೀರ್ಮಾನವಾಗಿ ಹೋಯಿತು. ಮುಂದಿನ ವಾರ ದೇವಸಮುದ್ರದಲ್ಲಿ ನಾಟಕ. ಅದನ್ನು ಏರ್ಪಡಿಸಿದ್ದ ಹನುಮಂತರಾಜು, ಹುಡುಗಿಯ ಪಾರ್ಟಿಗೆ ಬಳ್ಳಾರಿಯಿಂದ ಬೇರೆಯವರನ್ನು ಕರೆಸುವುದಾಗಿ ಹೇಳಿದ. ದೇವಸಮುದ್ರದಲ್ಲಿ ಬಿಟ್ಟವರನ್ನು ಉಳಿದ ಊರಿನವರು ಕರೆಯುವುದುಂಟೇ? ಮನೆಮುರುಕಿ ಎಂಬ ಹೆಸರು ಬಸ್ಸಿಗಿಂತ ಮುಂಚೆ ಊರು ಮುಟ್ಟುತ್ತದೆ.

"ಸಿನ್ಮಾ ನೋಡೇ ಬಿಡಾನ," ಎಂದಿದ್ದಳು ಅವಳು. "ನನ್ನ ಪಾರ್ಟಿನ ಮಾತು ಬಂದ್ರೆ ನಾನು ಕಳ್ಳಿ. ನಿಂದು ಬಂದ್ರೆ?"

ಪಾಲಾಕ್ಷನಿಗೆ ಸಿಟ್ಟು ಬಂದಿತ್ತು. ನಿಜ ಹೇಳಬೇಕೆಂದರೆ ಅವಳ ಅನುಮಾನವೆಲ್ಲ ಅವನ ಮೇಲೆಯೇ ಇತ್ತು. ಹೊಸ ಬೈಕು ಕೊಂಡಿದ್ದಾನೆ, ಮೀಸೆಯನ್ನು ಸಿನಿಮಾದವರ ಹಾಗೆ ಬಿಟ್ಟಿದ್ದಾನೆ!

ಸಿನಿಮಾ ಶುರುವಾಯಿತು. ಅವಳ ಮಾತುಗಳು ಒಂದೊಂದಾಗಿ ಬಂದವು. ಮೈಯಲ್ಲಿ ಮಾಂಸವೇ ಇಲ್ಲದ ಹುಡುಗಿಯೊಬ್ಬಳು ಅವನ್ನು ಪಿಸುಗುಟ್ಟುತ್ತಿದ್ದಳು. ಮೂರು ಸಾವಿರ ಜನಕ್ಕೆ ಕೇಳುವ ಹಾಗೆ ಎದೆಯಿಂದ ತೆಗೆಯಬೇಕಾದ ಮಾತು ಅವು. ಪ್ರತಿ ಮಾತಿಗೂ ಪಾಲಾಕ್ಷ ಮೊಣಕೈಯಿಂದ ಅವಳನ್ನು ತಿವಿಯುತ್ತಿದ್ದ. ಮುಂದೆ ಅವನ ಮಾತುಗಳೂ ಬಂದವು. ಈಗ ಅವಳು ತಿವಿದಳು. ಮೇಷ್ಟ್ರು ಮಾತ್ರ ಅಲ್ಲಾಡಲಿಲ್ಲ.

ಕೊನೆಯ ಸೀನು ಬಂತು. ಮದುವಣಗಿತ್ತಿ ಗೋಡೆಗೆ ಕಿವಿ ಇಟ್ಟಳು. ಗೋಡೆ ಹಾಡಿತು. ಮೇಷ್ಟ್ರ ಹಾಡೇ. ಎಂಥದೋ ನೂರು ವಾದ್ಯ ಸೇರಿಸಿದ್ದರು, ಒಳಗಿನ ರಾಗ ಅದೇ. ಎರಡು ದಶಕ ಕೇಳಿದರೂ ವನಜಾಕ್ಷಿಗೆ ಇವತ್ತೂ ಮೈ ಜುಮ್ಮೆಂದಿತು. ನಾಲ್ಕು ಸಾಲು ಮುಗಿಯುತ್ತಲೇ ಅವಳು ಅಭ್ಯಾಸಬಲದಿಂದ ಉಸಿರು ಎಳೆದುಕೊಂಡಳು. ನಾಟಕದಲ್ಲಿ ಅಲ್ಲಿಂದ ಅವಳ ಹಾಡು. ಆದರೆ ಇಲ್ಲಿ ಗೋಡೆ ನಿಲ್ಲಿಸಲಿಲ್ಲ.

ಮೈಯನು ಮುಚ್ಚಿದ ಕಲ್ಲಿಗೂ ಗೊತ್ತು, ಮನಸನು ಮುಚ್ಚಲು ಬಾರದು;
ತಾಳಿಯ ಕಟ್ಟುವ ಕೈಗೆ ಹೇಳು, ಈ ಕೈ ನಿನ್ನನು ಬಿಡದು.

ಈ ಎರಡು ಸಾಲು ಅವಳು ಎಂದೂ ಕೇಳಿದ್ದಲ್ಲ. ನಾಟಕದಲ್ಲಿ ಇರಲೇ ಇಲ್ಲ. ಸಿನಿಮಾದವರು ಸೇರಿಸಿದ್ದಕ್ಕೆ ಮೇಷ್ಟ್ರಿಗೆ ಎಷ್ಟು ಸಂಕಟವಾಯಿತೋ ಎಂದು ಬಲಕ್ಕೆ ತಿರುಗಿದಳು.

ಮೇಷ್ಟ್ರ ತುಟಿ ಆಡುತ್ತಿತ್ತು. ಹಾಡಿನ ಹಿಂದೆ ಅಲ್ಲ, ಹಾಡಿಗಿಂತ ಒಂದು ಮಾತು ಮುಂದೆ. 'ತಾಳಿಯ' ಎಂದು ತುಟಿ ಆಡಿದ ಮೇಲೆ ಪರದೆ ಹಾಡಿತು. 'ಬಿಡದು' ಎಂದು ತುಟಿ ಕೂಡಿಕೊಂಡ ಮೇಲೆ ಪರದೆ ಮುಗಿಸಿತು. ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು.

ಇದು ಈ ವಾರವಷ್ಟೇ ಬಂದ ಸಿನಿಮಾ. ಮೇಷ್ಟ್ರು ನೋಡುತ್ತಿರುವುದು ಇದೇ ಮೊದಲು.

ಅವಳಿಗೆ ಕುತ್ತಿಗೆಯವರೆಗೆ ಬೆಂಕಿ ಏರಿತು. ತಿಂಗಳೊಪ್ಪತ್ತು ನನ್ನನ್ನು ಬೀದಿಯಲ್ಲಿ ನಿಲ್ಲಿಸಿದೆಯಲ್ಲೋ ಮುದುಕ, ಬಾಯಿಬಿಟ್ಟು ಒಂದು ಮಾತು ಹೇಳಲಿಲ್ಲವಲ್ಲೋ! ಲೈಟು ಬಂದೊಡನೆ ಕೂಗಿ ಮಾನ ಕಳೆಯಬೇಕೆಂದುಕೊಂಡಳು.

ಪರದೆಯ ಮೇಲೆ ಹೆಸರುಗಳು ಏರತೊಡಗಿದವು. ಜನ ಎದ್ದರು, ಪಾಲಾಕ್ಷನೂ ಎದ್ದ. ಮೇಷ್ಟ್ರು ಏಳಲಿಲ್ಲ. ಕನ್ನಡಕವನ್ನು ಪಂಚೆಯ ಚುಂಗಿನಲ್ಲಿ ಒರೆಸಿ ಹಾಕಿಕೊಂಡು, ಕತ್ತು ಮುಂದೆ ಚಾಚಿ ಕೂತರು. ಅಡುಗೆಯವರ ಹೆಸರು ಬಂತು. ಕಾರು ಓಡಿಸಿದವರ ಹೆಸರು ಬಂತು. ತಂಗಲು ಜಾಗ ಕೊಟ್ಟ ಲಾಡ್ಜಿನ ಹೆಸರೂ ಬಂತು. ಹಾಡು ಬರೆದವರು ಎಂದು ಯಾರದೋ ಹೆಸರು ಬಂತು. ಪರದೆ ಬಿಳಿಯಾದ ಮೇಲೂ ಮೇಷ್ಟ್ರು ಅದನ್ನೇ ನೋಡುತ್ತಿದ್ದರು. ಕಸ ಗುಡಿಸುವ ಹೆಂಗಸು ಬಂದು, "ಏಳ್ರೀ ಯಜಮಾನ್ರೆ," ಎಂದಾಗ ಎದ್ದರು.

ಅಯ್ಯೋ ಎನಿಸಿತು ಅವಳಿಗೆ. ಸಿಟ್ಟು ಹೋಗಲಿಲ್ಲ, ಅದರ ಪಕ್ಕದಲ್ಲೇ ಈ ಅಯ್ಯೋ ಕೂಡ ಬಂದು ಕೂತಿತು.

ಹೊರಗೆ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಮೂವರೂ ಕೂತರು.

"ನೋಡಿದ್ಯಲ್ಲಕ್ಕ," ಎಂದ ಪಾಲಾಕ್ಷ. "ಇನ್ನೇನೈತೆ ಮಾತಾಡಾಕೆ? ನನ್ನ ಪಾರ್ಟು ನಿಂಗೆ ಬಾಯಿಗೆ ಬರ್ತೈತೆ, ಇಷ್ಟು ವರ್ಷ ಎದುರಿಗೆ ನಿಂತು ಕೇಳೀಯ. ಗೋಡೆ ಹಾಡೂ ಬರ್ತೈತೆ. ನಾನೇ ಹನುಮಂತರಾಜಣ್ಣಂಗೆ ಫೋನ್ ಮಾಡ್ತೀನಿ. ಏನ್ ಮೇಷ್ಟ್ರೆ, ಮಾಡ್ಲಾ?"

ಮೇಷ್ಟ್ರು ಟೀ ಲೋಟದೊಳಗೆ ನೋಡುತ್ತಿದ್ದರು.

"ಮಾಡುವಂತೆ, ತಡಿಯಪ್ಪ," ಎಂದಳು ವನಜಾಕ್ಷಿ. "ಮೇಷ್ಟ್ರೆ, ಗೋಡೆ ಹಾಡಿಗೆ ಎರಡು ಸಾಲು ಹೆಚ್ಚಿಗೆ ಹಾಕ್ಯಾರೆ. ಚೆನ್ನಾಗೈತೆ. ನಮ್ಮ ನಾಟಕದಾಗೂ ಇರ್ಲಿ. ಆದ್ರೆ ನನಗೆ ಅದರ ಕೊನೇ ಪದ ಸಿಕ್ಕದಿದ್ರೆ ನಾನು ಎಲ್ಲಿ ಎತ್ಕಳ್ಳಿ? ಒಂದ್ಸಲ ಹೇಳ್ಕೊಡ್ರಿ."

ಮೇಷ್ಟ್ರು ತಲೆಯೆತ್ತಿದರು. ಅವಳು ಕಣ್ಣು ಕದಲಿಸಲಿಲ್ಲ.

"ಅದೇನು ಈಗ..." ಎಂದರು.

"ಈಗ್ಲೇ ಹೇಳ್ರಿ. ಪಾಲಾಕ್ಷನೂ ಕೇಳ್ಲಿ."

ಬಸ್ಸೊಂದು ಹಾರ್ನ್ ಹೊಡೆದು ಹೋಯಿತು. ಮೇಷ್ಟ್ರು ಲೋಟವನ್ನು ಬೆಂಚಿನ ಮೇಲಿಟ್ಟರು. ಗಂಟಲು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಮೈಯನು ಮುಚ್ಚಿದ ಕಲ್ಲಿಗೂ ಗೊತ್ತು ಎಂದು ಎತ್ತಿಕೊಂಡರು. ಎಲ್ಲೂ ತಡವರಿಸಲಿಲ್ಲ. ಸಿನಿಮಾದವನು ಎಳೆಯದಿದ್ದ ಜಾಗದಲ್ಲಿ ಎಳೆದರು, ಅವನು ಬಿಟ್ಟಿದ್ದ ಬಳುಕುಗಳನ್ನೆಲ್ಲ ಹಾಕಿದರು. ಟೀ ಸೋಸುತ್ತಿದ್ದವನು ಕೈ ನಿಲ್ಲಿಸಿ ನೋಡಿದ.

ಮೇಷ್ಟ್ರು ಹಾಡಿದರೆ ತಲೆದೂಗುವುದು ಪಾಲಾಕ್ಷನ ಹಳೆಯ ಚಾಳಿ. ಮೊದಲ ಸಾಲಿಗೆ ತೂಗಿದ. ಎರಡನೆಯ ಸಾಲು ಮುಗಿಯುವ ಹೊತ್ತಿಗೆ ಅವನ ತಲೆ ನಿಂತಿತ್ತು. ನಂಬರು ತೆಗೆದಿಟ್ಟುಕೊಂಡಿದ್ದ ಮೊಬೈಲಿನ ಬೆಳಕು ಅವನ ಅಂಗೈಯಲ್ಲೇ ಆರಿಹೋಯಿತು.