ಒಂದು ಪುಟದವರು

೨೦೧೧ನೆಯ ಇಸವಿ ಫೆಬ್ರವರಿ ೭, ಸೋಮವಾರ. ಚಳಿಗಾಲ ಮುಗಿಯುತ್ತ ಬಂದಿತ್ತು. ಬೆಳಗಿನಿಂದ ಬೀಸುತ್ತಿದ್ದ ಒಣಗಾಳಿ ಬೀದಿಯ ಕಾಗದದ ಚೂರುಗಳನ್ನೆಲ್ಲ ಅಂಗಡಿಗಳ ಮೆಟ್ಟಿಲವರೆಗೆ ತಂದು ಹಾಕುತ್ತಿತ್ತು. ಅಂದು ಬೆಳಿಗ್ಗೆ ಹತ್ತೂಕಾಲಿಗೆ, ನಾನು ಮೂರು ವಾರ ಕುಳಿತು ನನ್ನ ತಂಗಿಗಾಗಿ ರಚಿಸಿದ್ದ ನಾಲ್ಕು ಪುಟಗಳ ಸ್ವವಿವರವನ್ನು ಕಂದು ಕೋಟಿನ ಮನುಷ್ಯರೊಬ್ಬರು ಆಮೂಲಾಗ್ರವಾಗಿ ಓದಿ, ಮೊದಲ ಮೂರು ಪುಟಗಳನ್ನು ಅಂದವಾಗಿ ಮಡಿಸಿ, ಅಲುಗಾಡುತ್ತಿದ್ದ ತಮ್ಮ ಮೇಜಿನ ಕಾಲಡಿಗೆ ಇಟ್ಟರು. ಮೇಜು ನೆಟ್ಟಗೆ ನಿಂತಿತು.

ಜನ ಅವರನ್ನು ‘ಒಂದು ಪುಟದವರು’ ಎಂದು ಕರೆಯುತ್ತಿದ್ದರು. ಕೆಲಸ ಹುಡುಕುವವರಿಗೆ ಬಯೋಡೇಟಾ ಸಿದ್ಧಪಡಿಸಿ ಕೊಡುವುದು ಅವರ ವೃತ್ತಿ. ಅದು ಒಂದು ಪುಟ ದಾಟಬಾರದೆಂಬುದು ಅವರ ವ್ರತ. ಜೆರಾಕ್ಸ್ ಅಂಗಡಿಯ ಮಗ್ಗುಲಲ್ಲಿ, ಮಹಡಿ ಮೆಟ್ಟಿಲ ಕೆಳಗಿನ ಇಳಿಜಾರು ಸೂರಿನ ಕೋಣೆಯಲ್ಲಿ ಒಂದು ಕಂಪ್ಯೂಟರು, ಅಕ್ಷರ ಸವೆದ ಕೀಲಿಮಣೆ, ಎರಡು ಕುರ್ಚಿ. ಇಪ್ಪತ್ತು ವರ್ಷ ಆ ಸೂರಿಗೆ ತಲೆ ತಗ್ಗಿಸಿ ತಗ್ಗಿಸಿ, ಬಯಲು ರಸ್ತೆಯಲ್ಲಿ ನಡೆಯುವಾಗಲೂ ಅವರ ಕತ್ತು ಬಲಕ್ಕೆ ವಾಲಿಯೇ ಇರುತ್ತಿತ್ತು. ಕೋಟಿನ ಮೇಲು ಜೇಬಿನಲ್ಲಿ ಕೆಂಪು ಪೆನ್ಸಿಲು. ‘ಶ್ರಮಜೀವಿ’, ‘ಪ್ರಾಮಾಣಿಕ’, ‘ಸಜ್ಜನ’ ಎಂಬ ಮಾತುಗಳು ಕಂಡೊಡನೆ ಅದು ತಾನಾಗಿ ಹೊರಬಂದು ಗೀಟು ಎಳೆದು ಮತ್ತೆ ಒಳಸೇರುತ್ತಿತ್ತು. ಎದುರಿಗೆ ಕುಳಿತವರು ಏನೇ ಹೇಳಲಿ, ಅವರದು ಒಂದೇ ಪ್ರಶ್ನೆ: “ಅದರಿಂದೇನಾಯ್ತು?” ಇದು ಎಷ್ಟು ರೂಢಿಯಾಗಿತ್ತೆಂದರೆ, ಜೆರಾಕ್ಸ್ ಅಂಗಡಿಯವನು ತನ್ನ ಮದುವೆ ಗೊತ್ತಾಯಿತೆಂದು ಹಿಗ್ಗಿನಿಂದ ಹೇಳಿದಾಗಲೂ ಅದನ್ನೇ ಕೇಳಿ, ಅವನು ಮೂರು ತಿಂಗಳು ಮಾತು ಬಿಡುವಂತೆ ಮಾಡಿಕೊಂಡಿದ್ದರು.

ನನ್ನ ತಂಗಿ ಹತ್ತೊಂಬತ್ತು ವರ್ಷ ಒಂದು ಆಸ್ಪತ್ರೆಯ ಬಟ್ಟೆ ಉಗ್ರಾಣ ನೋಡಿಕೊಂಡವಳು. ೨೦೧೦ರ ಜೂನ್ ೩೦ರಂದು ಆ ಆಸ್ಪತ್ರೆ ಮುಚ್ಚಿತು. ಏಳು ಕಡೆ ಅರ್ಜಿ ಹಾಕಿದಳು. ಏಳು ಕಡೆಯಿಂದಲೂ ಉತ್ತರವಿಲ್ಲ. ಈಗ ನದಿಯಾಚೆಯ ಹೊಸ ಆಸ್ಪತ್ರೆಗೆ ಉಗ್ರಾಣದ ಮುಖ್ಯಸ್ಥರು ಬೇಕಾಗಿದ್ದರು. ಇದೂ ಕೈತಪ್ಪಿದರೆ ಬಾಡಿಗೆಮನೆ ಬಿಟ್ಟು ನನ್ನ ಮನೆ ಸೇರುವುದೊಂದೇ ಅವಳಿಗಿದ್ದ ದಾರಿ. ನಾನು ಸಂತೋಷದಿಂದಲೇ ಕರೆದಿದ್ದೆ. ಅವಳು ತಲೆ ಎತ್ತದೆ ಹೇಳಿದ್ದಳು: “ಬರ್ತೀನಿ ಅಣ್ಣ. ಆದ್ರೆ ಅತಿಥಿಯಾಗಿ ಬರೋದು ಬೇರೆ, ಗತಿಯಿಲ್ಲದೆ ಬರೋದು ಬೇರೆ.”

ಆ ಏಳು ಅರ್ಜಿಗಳ ಜೊತೆಗಿದ್ದದ್ದು ನನ್ನ ನಾಲ್ಕು ಪುಟ. ಮೂವತ್ತಾರು ವರ್ಷ ಪಾಠ ಹೇಳಿದವನ ರಚನೆ, ಲೋಪವೆಲ್ಲಿ ಬರಬೇಕು? ಮುತ್ತಜ್ಜನ ಪಾಂಡಿತ್ಯದಿಂದ ಆರಂಭಿಸಿದ್ದೆ. ತಂಗಿಗೆ ಕಂಠಪಾಠ ಸ್ಪರ್ಧೆಯಲ್ಲಿ ದ್ವಿತೀಯ ಬಹುಮಾನ ಬಂದ ತಾರೀಖನ್ನೂ ಬಿಟ್ಟಿರಲಿಲ್ಲ. ಆಸ್ಪತ್ರೆಯ ಹತ್ತೊಂಬತ್ತು ವರ್ಷ ನಾಲ್ಕನೆಯ ಪುಟದ ತಳದಲ್ಲಿ ಎರಡು ಸಾಲಾಗಿತ್ತು.

ಒಂದು ಪುಟದವರು ಆ ಎರಡು ಸಾಲಿನ ಮೇಲೆ ಬೆರಳಿಟ್ಟು, ಅಲ್ಲಿ ಮಾಡುತ್ತಿದ್ದುದನ್ನು ಕೈಯಲ್ಲಿ ಮಾಡಿ ತೋರಿಸುವಂತೆ ಅವಳನ್ನು ಕೇಳಿದರು. ಎಲ್ಲರಿಗೂ ಅವರು ಹೇಳುತ್ತಿದ್ದುದು ಹಾಗೆಯೇ. ಬಾಯಿ ಸಂಕೋಚಪಡುತ್ತದೆ, ಕೈಗೆ ಸಂಕೋಚವಿಲ್ಲ ಎಂಬುದು ಅವರ ಸಿದ್ಧಾಂತ. ತಂಗಿ ನಾಚುತ್ತಲೇ ಎದ್ದು ಗಾಳಿಯಲ್ಲಿ ಹೊದಿಕೆ ಮಡಿಸಿದಳು, ಎಣಿಸಿದಳು. ಆಮೇಲೆ ಹೆಬ್ಬೆರಳಿನಿಂದ ಕಾಣದ ಬಟ್ಟೆಯ ಮೂಲೆಯೊಂದನ್ನು ಸವರಿದಳು.

ಅದೇನೆಂದು ಅವರು ಕೇಳಿದರು. ದಾರವಂತೆ. ಒಂದೊಂದು ವಾರ್ಡಿಗೆ ಒಂದೊಂದು ಬಣ್ಣದ ದಾರ ಹೊಲಿದು, ಯಾವ ಬಟ್ಟೆ ಎಲ್ಲಿ ತಪ್ಪಿಸಿಕೊಂಡಿದೆಯೆಂದು ಒಂದೇ ನೋಟಕ್ಕೆ ಹಿಡಿಯುತ್ತಿದ್ದಳಂತೆ. ನನಗೂ ಅದು ಹೊಸ ಸುದ್ದಿ.

“ಅದರಿಂದೇನಾಯ್ತು?”

“ಏನೂ ಆಗ್ಲಿಲ್ಲ.”

“ಏನೂ ಆಗ್ಲಿಲ್ಲ ಅಂದ್ರೆ? ಏನು ಆಗಬಹುದಿತ್ತಮ್ಮ?”

ತಂಗಿ ಸ್ವಲ್ಪ ಯೋಚಿಸಿದಳು. “ಬಟ್ಟೆ ಇಲ್ಲ ಅಂತ ಆಪರೇಷನ್ ನಿಲ್ಲಬಹುದಿತ್ತು. ಒಂದ್ಸಲ ನಿಂತಿತ್ತು, ಬಟ್ಟೆ ಒಗೆಯೋ ಬಾಯ್ಲರ್ ಕೆಟ್ಟು, ಇದ್ದ ಬಟ್ಟೆ ಯಾವ ವಾರ್ಡಲ್ಲಿದೆ ಅಂತ ಗೊತ್ತಾಗದೇ ಹೋದಾಗ. ಆಮೇಲೇ ದಾರ ಹಾಕಿದ್ದು. ಮತ್ತೆ ಯಾವತ್ತೂ ನಿಲ್ಲಲಿಲ್ಲ.”

ಕೆಂಪು ಪೆನ್ಸಿಲು ಮೇಜಿನ ಮೇಲೆ ಮಲಗಿತು. ಅದು ಎಂದು ನಡೆದದ್ದೆಂದು ಅವಳಿಗೆ ನೆನಪಿರಲಿಲ್ಲ. ನನಗಿತ್ತು, ಹೇಳಿದೆ. ಅಂದು ಸಂಜೆ ಅವಳು ನಮ್ಮ ಮನೆಗೆ ಬಂದು, ಯಾರದೋ ಆಪರೇಷನ್ ತನ್ನಿಂದ ಮುಂದಕ್ಕೆ ಹೋಯಿತೆಂದು ಅತ್ತಿದ್ದಳು: ೧೯೯೩ನೆಯ ಇಸವಿ ಆಗಸ್ಟ್ ೧೯, ಗುರುವಾರ.

ಅವರು ನನ್ನತ್ತ ವಾಲಿದ ಕತ್ತನ್ನು ಇನ್ನಷ್ಟು ವಾಲಿಸಿದರು. “ಮೇಷ್ಟ್ರೇ, ನಿಮ್ಮ ನಾಲ್ಕು ಪುಟದಲ್ಲಿ ಜಗತ್ತಿನ ತಾರೀಖೆಲ್ಲಾ ಇದೆ. ಇದೊಂದು ಬಿಟ್ಟು.”

ಹೊಸ ಪುಟದ ಮೊದಲ ವಾಕ್ಯ ಹೀಗಿತ್ತು: ‘೧೯೯೩ರ ಆಗಸ್ಟ್ ೧೯ರ ನಂತರ, ಆಸ್ಪತ್ರೆ ಮುಚ್ಚಿದ ದಿನದವರೆಗೆ, ಬಟ್ಟೆಯ ಕೊರತೆಯಿಂದ ಒಂದು ಶಸ್ತ್ರಚಿಕಿತ್ಸೆಯೂ ನಿಲ್ಲಲಿಲ್ಲ.’ ಅದರ ಕೆಳಗೆ ದಾರದ ಕ್ರಮ. ಮುತ್ತಜ್ಜನಿಗೆ ಒಂದು ಸಾಲಾದರೂ ಸಲ್ಲಬೇಕೆಂದು ನಾನು ವಾದಿಸಿದೆ. ಅವರು ತಮ್ಮ ಪ್ರಶ್ನೆಯನ್ನು ಕೇಳಿದರು. ಮುತ್ತಜ್ಜ ಮೇಜಿನ ಕಾಲಡಿಯಲ್ಲೇ ಉಳಿದರು.

ಫೆಬ್ರವರಿ ೨೧ರಂದು ಸಂದರ್ಶನ. ಉಳಿದವರೆಲ್ಲ ಹತ್ತು ಹತ್ತು ನಿಮಿಷಕ್ಕೆ ಹೊರಬಂದರು. ತಂಗಿ ಒಂದು ಗಂಟೆ ಹತ್ತು ನಿಮಿಷವಾದರೂ ಬರಲಿಲ್ಲ. ಹೊರಗಿನ ಬೆಂಚಿನ ಮೇಲೆ ನಾನು ಕೈಗಡಿಯಾರಕ್ಕೆ ಎರಡು ಸಲ ಕೀಲಿ ಕೊಟ್ಟೆ. ಕೊನೆಗೆ ಬಾಗಿಲು ತೆರೆಯಿತು. ಅವಳ ಬೆರಳಿಗೆ ಕೆಂಪು ದಾರದ ತುಂಡೊಂದು ಸುತ್ತಿಕೊಂಡಿತ್ತು. ಮುಖ್ಯ ದಾದಿ ಮೊದಲ ವಾಕ್ಯ ಓದಿ, ದಾರದ ವಿಷಯ ಕೇಳಿ, ಒಳಬಾಗಿಲಿನಿಂದ ನೇರವಾಗಿ ಉಗ್ರಾಣಕ್ಕೇ ಕರೆದೊಯ್ದಿದ್ದರಂತೆ.

“ಅವರ ಹತ್ರ ಒಂದು ಸೂಜೀನೂ ಇರ್ಲಿಲ್ಲ ಅಣ್ಣ,” ಎಂದಳು, ಈಗಾಗಲೇ ಯಜಮಾನಿಕೆಯ ದನಿಯಲ್ಲಿ. “ಒಂದನೇ ತಾರೀಖಿಂದ ಬರೋಕೆ ಹೇಳಿದಾರೆ.”

ಅಲ್ಲಿಂದ ನೇರವಾಗಿ ಮೆಟ್ಟಿಲ ಕೆಳಗಿನ ಕೋಣೆಗೆ ಹೋದೆವು. ಕೆಲಸ ಸಿಕ್ಕಿತೆಂದು ತಂಗಿ ಹೇಳಿದಳು. ಅವರು ಕೀಲಿಮಣೆಯಿಂದ ಕಣ್ಣೆತ್ತದೆ, ಅಭ್ಯಾಸಬಲದಿಂದ, ಅದರಿಂದೇನಾಯ್ತೆಂದು ಕೇಳಿಯೇಬಿಟ್ಟರು.

“ಅಣ್ಣನ ಮನೆಗೆ ಇನ್ಮೇಲೂ ಅತಿಥಿಯಾಗೇ ಹೋಗ್ತೀನಿ,” ಎಂದಳು ತಂಗಿ.

ಅವರು ಎದ್ದು ನಿಂತರು. ಇಪ್ಪತ್ತು ವರ್ಷದ ಎಚ್ಚರ ಮರೆತು ನೆಟ್ಟಗೆ ನಿಂತದ್ದರಿಂದ ತಲೆ ಸೂರಿಗೆ ಠಕ್ಕೆಂದು ಬಡಿಯಿತು. ಆ ನೋವಿನಲ್ಲೂ ನಗುತ್ತಿದ್ದರು.

ಪರರ ಗುಣವನ್ನು ಹೊಗಳುವವರು ಲೋಕದಲ್ಲಿ ಬೇಕಾದಷ್ಟು ಮಂದಿ. ನಾನೂ ಆ ಗುಂಪಿನವನೇ. ಇನ್ನೊಂದು ಜಾತಿಯ ಜನರಿದ್ದಾರೆ, ವಿರಳ: ಅವರು ಹೊಗಳುವುದಿಲ್ಲ, ಕೇಳುತ್ತಾರೆ, ಮಾಡಿದವರೇ ಮರೆತ ಕೆಲಸವನ್ನು ಕೇಳಿ ಕೇಳಿ ಹೊರತೆಗೆದು, ಅದನ್ನು ಮಾಡಿದವರ ಕೈಗೇ ಹಿಂದಿರುಗಿಸುತ್ತಾರೆ.

ತಂಗಿ ೨೦೧೧ರ ಮಾರ್ಚ್ ೧, ಮಂಗಳವಾರ ಕೆಲಸಕ್ಕೆ ಸೇರಿದಳು. ೨೦೨೪ರ ಜನವರಿ ೩೧, ಬುಧವಾರ ನಿವೃತ್ತಳಾದಳು. ಬೀಳ್ಕೊಡುಗೆಯ ಸಭೆಯಲ್ಲಿ ಓದಿದ ಅಭಿನಂದನಪತ್ರವನ್ನು ಬರೆದವನು ನಾನು. ಒಂದೇ ಪುಟ.