ಮೂರನೇ ಡಬ್ಬಿಯ ಮುಖ

ಕೊಳೆತ ಫಿಲ್ಮಿನ ವಾಸನೆ ಹೇಗಿರುತ್ತದೆ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟೇ: ತಿಂಗಳುಗಟ್ಟಲೆ ಒಗೆಯದ ಕಾಲುಚೀಲವನ್ನು ಬೆಲ್ಲದ ಪಾಕದಲ್ಲಿ ಅದ್ದಿ ಮೂಗಿಗೆ ಹಿಡಿದುಕೊಳ್ಳಿ. ಇಪ್ಪತ್ತೆರಡು ವರ್ಷದಿಂದ ಹಳೆಯ ಸಿನಿಮಾಗಳ ಸಂಗ್ರಹಾಲಯದಲ್ಲಿ ದುರಸ್ತಿಯ ಕೆಲಸ ನನ್ನದು. ಸುರುಳಿ ಬಿಚ್ಚಿ ಒರೆಸಬೇಕು, ಹರಿದದ್ದನ್ನು ಅಂಟಿಸಬೇಕು, ಆರು ತಿಂಗಳಿಗೊಮ್ಮೆ ಪ್ರತಿ ಡಬ್ಬಿಯ ಮುಚ್ಚಳ ತೆಗೆದು ಮೂಸಬೇಕು. ಹೌದು, ಮೂಸಬೇಕು. ಫಿಲ್ಮು ಕೆಡುವುದು ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ. ಬೇಗ ಗೊತ್ತಾದರೆ ಆ ಭಾಗವನ್ನು ಹೊಸ ಫಿಲ್ಮಿಗೆ ಇಳಿಸಿ ಉಳಿಸಿಕೊಳ್ಳಬಹುದು. ತಡವಾದರೆ ಕತೆ ಮುಗಿಯಿತು. ಮೂಸಿದವರು ಮುಚ್ಚಳದ ಮೇಲಿನ ಚೀಟಿಯಲ್ಲಿ ತಾರೀಖು ಹಾಕಿ ಸಹಿ ಮಾಡಬೇಕು. ಈ ವಿದ್ಯೆಯನ್ನು ನನಗೆ ಕಲಿಸಿದವರು ನನ್ನ ಸೋದರಮಾವ. ಅವರು ಅಲ್ಲಿಂದ ನಿವೃತ್ತರಾಗಿ ಹನ್ನೊಂದು ವರ್ಷವಾಯಿತು.

ನಮ್ಮಲ್ಲಿ ಎಷ್ಟೋ ಒಳ್ಳೆಯ ಚಿತ್ರಗಳಿವೆ. ಅವನ್ನು ಕೇಳುವ ನರಪಿಳ್ಳೆಯೂ ಇಲ್ಲ. ಜನ ಮುಗಿಬೀಳುವುದು ಒಂದಕ್ಕೇ, ರಕ್ತಪಿಶಾಚಿಯ ಆ ಮೂಕಿ ಚಿತ್ರಕ್ಕೆ. ಕತೆ ಏನು ಮಹಾ! ಮನೆಯೊಂದರ ಮಹಡಿಗೆ ಬಾಡಿಗೆಗೆ ಬಂದವನು ಹಗಲೆಲ್ಲ ಮಲಗಿರುತ್ತಾನೆ, ಕತ್ತಲಾದ ಮೇಲೆ ಎದ್ದು ಮನೆಯವರ ನೆತ್ತರನ್ನು ಒಬ್ಬೊಬ್ಬರದಾಗಿ ಹೀರುತ್ತಾನೆ. ಮೂರನೇ ಡಬ್ಬಿಯಲ್ಲಿ ಅವನು ಮಲಗಿರುವ ಮನೆಯೊಡತಿಯ ಹಾಸಿಗೆಯ ಪಕ್ಕ ನಿಂತುಕೊಳ್ಳುತ್ತಾನೆ. ಆಗ ಅವನ ಮುಖ ಕುದಿಯತೊಡಗುತ್ತದೆ. ಚರ್ಮದಲ್ಲಿ ಗುಳ್ಳೆಗಳೆದ್ದು ಒಡೆಯುತ್ತವೆ, ಕೆನ್ನೆಯ ಮೇಲೆ ಬಿಳಿಯದೇನೋ ಹುಳುಗಳ ಹಾಗೆ ಹರಿದಾಡುತ್ತದೆ, ಒಂದು ಕಣ್ಣು ಕರಗಿ ಕೆಳಗೆ ಜಾರುತ್ತದೆ. ನಲವತ್ತು ಸೆಕೆಂಡು. ಆ ನಲವತ್ತು ಸೆಕೆಂಡಿಗಾಗಿ ಮೂವತ್ತು ವರ್ಷದಿಂದ ಜನ ಸಾಲು ನಿಂತಿದ್ದಾರೆ. ಆ ಮುಖವನ್ನು ಅಂಗಿಯ ಮೇಲೆ ಅಚ್ಚು ಹಾಕಿಸಿಕೊಳ್ಳುತ್ತಾರೆ, ಲೋಟದ ಮೇಲೆ ಬರೆಸಿಕೊಳ್ಳುತ್ತಾರೆ. ಎದ್ದ ಕೂಡಲೇ ಆ ಲೋಟದಲ್ಲಿ ಚಹಾ ಕುಡಿಯುವವರ ಹೊಟ್ಟೆಯನ್ನು ಯಾವುದರಿಂದ ಮಾಡಿದ್ದಾರೋ ನನಗಂತೂ ಗೊತ್ತಿಲ್ಲ.

ಇದರ ಮೇಲೆ ಒಬ್ಬ ಪ್ರೊಫೆಸರರು ಮುನ್ನೂರು ಪುಟದ ಪುಸ್ತಕ ಬರೆದಿದ್ದಾರೆ. ನಾವು ಒಳಗೊಳಗೇ ಅವರನ್ನು ಗುಳ್ಳೆ ಪ್ರೊಫೆಸರ್ ಎನ್ನುತ್ತೇವೆ. ಮಾಂಸದೊಳಗೆ ಅಡಗಿರುವ ಸಾವನ್ನು ನಿರ್ದೇಶಕ ಅಷ್ಟು ಹಿಂದೆಯೇ ತೆರೆಯ ಮೇಲೆ ತಂದ, ಅದನ್ನು ಹೇಗೆ ಮಾಡಿದನೆಂಬುದು ಇಂದಿಗೂ ರಹಸ್ಯ ಎಂಬುದು ಅವರ ವಾದ. ಅವರು ನಮ್ಮಲ್ಲಿಗೆ ಬಂದು ಭಾಷಣ ಮಾಡಿದಾಗಲೆಲ್ಲ ಮಾವ ಎದ್ದು ಹೊರಗೆ ಹೋಗುತ್ತಿದ್ದರು. ಅವರಿಗೂ ನನ್ನ ಹಾಗೆ ಅಸಹ್ಯವಾಗುತ್ತದೆ ಎಂದುಕೊಂಡಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸಂಗತಿ ಅದು ಎಂದು ನನಗೆ ಹೇಗೆ ಗೊತ್ತಾಗಬೇಕು?

ಈ ವರ್ಷ, ಬಾಗಿಲು ಮುಚ್ಚಿದ ಟಾಕೀಸೊಂದರ ಅಟ್ಟದಲ್ಲಿ ಆ ಚಿತ್ರದ ಇನ್ನೊಂದು ಪ್ರತಿ ಸಿಕ್ಕಿತು. ಅಲ್ಲಿಯತನಕ ಜಗತ್ತಿನಲ್ಲಿ ಇದ್ದದ್ದು ನಮ್ಮದೊಂದೇ. ಸುದ್ದಿ ಕೇಳಿದ ಮರುದಿನವೇ ಮಾವ ಬಂದರು. ಅವರಿಗೀಗ ಕಣ್ಣು ಮಂಜು. ಒಂದರಲ್ಲಿ ಏನೂ ಕಾಣುವುದಿಲ್ಲ, ಇನ್ನೊಂದು ಎಷ್ಟು ದಿನವೋ ಹೇಳಲಾಗದು ಎಂದು ಡಾಕ್ಟರು ಹೇಳಿದ್ದಾರೆ. ನನ್ನ ಮೇಜಿನ ಪಕ್ಕ ಕುಳಿತು ಮೂರನೇ ಡಬ್ಬಿಯದನ್ನೇ ಹಾಕು ಎಂದರು.

ಹಾಕಿದೆ. ಗುಳ್ಳೆಯಿಲ್ಲ, ಹುಳುವಿಲ್ಲ. ಸಣಕಲು ಮುಖದ ಒಬ್ಬ ಮನುಷ್ಯ ಹಾಸಿಗೆಯ ಪಕ್ಕ ನಿಂತಿದ್ದಾನೆ. ಮಲಗಿದವಳ ಕತ್ತನ್ನು ನೋಡುತ್ತಾನೆ. ಕೆಳತುಟಿ ಅದುರುತ್ತದೆ. ಎಂಜಲು ನುಂಗುತ್ತಾನೆ, ಗಂಟಲ ಮಣಿ ಮೇಲೆ ಹೋಗಿ ಕೆಳಗೆ ಬರುತ್ತದೆ. ಆಮೇಲೆ, ತಾನು ನುಂಗಿದ್ದನ್ನು ಯಾರಾದರೂ ನೋಡಿಬಿಟ್ಟರೇನೋ ಎಂಬಂತೆ ನಾಚಿ ತಲೆ ತಗ್ಗಿಸುತ್ತಾನೆ. ಇಪ್ಪತ್ತೆರಡು ವರ್ಷದಲ್ಲಿ ಆ ಚಿತ್ರಕ್ಕೆ ನಾನು ಹೆದರಿದ್ದು ಅದೇ ಮೊದಲು.

ಮಾವ ಆಗ ಬಾಯಿಬಿಟ್ಟರು. ಮದುವೆಯಾದ ಹೊಸತರಲ್ಲಿ ಅವರ ಕೈಯ ವಾಸನೆಗೆ ಅತ್ತೆ ಮುಖ ತಿರುಗಿಸಿಕೊಳ್ಳುತ್ತಿದ್ದರಂತೆ, ಸತ್ತ ಇಲಿಯ ವಾಸನೆ ಎನ್ನುತ್ತಿದ್ದರಂತೆ. ಎಲ್ಲಕ್ಕಿಂತ ಹೆಚ್ಚು ನಾರುತ್ತಿದ್ದದ್ದು ಆ ಮೂರನೇ ಡಬ್ಬಿ. ಎರಡು ವರ್ಷ ಇವರು ಅದರ ಮುಚ್ಚಳವನ್ನೇ ತೆಗೆಯಲಿಲ್ಲ. ಆರು ತಿಂಗಳಿಗೊಮ್ಮೆ ಮೂಸದೆಯೇ ಸಹಿ ಹಾಕಿದರು. ಕೊನೆಗೆ ತೆಗೆದಾಗ ಒಳಗೆ ಅರ್ಧ ಅಂಟು, ಅರ್ಧ ಪುಡಿ. ಉಳಿದದ್ದನ್ನು ಹೇಗೋ ಹೊಸ ಫಿಲ್ಮಿಗೆ ಇಳಿಸಿಕೊಂಡು, ಮೊದಲಿನಿಂದಲೂ ಹೀಗೇ ಇತ್ತು ಎಂದುಬಿಟ್ಟರು. ಮುಖದ ಮೇಲಿನ ಗುಳ್ಳೆ, ಹುಳುಗಳೆಲ್ಲ ಫಿಲ್ಮು ಕೊಳೆತ ಕಲೆಗಳು. ಆ ಹೊಲಸನ್ನೇ ಲೋಕ ಹೊಗಳಿ ಅಟ್ಟಕ್ಕೇರಿಸಿತು.

"ಆ ನಟ ಮಾಡಿದ್ದು ಇದೊಂದೇ ಸಿನಿಮಾ ಕಣೇ ಪುಟ್ಟಿ. ಅವನ ಮುಖಾನ ನಾನು ತಿಂದುಬಿಟ್ಟೆ. ಕಣ್ಣು ಪೂರ್ತಿ ಹೋಗೋದರೊಳಗೆ ಎಲ್ಲರೆದುರಿಗೆ ಇದನ್ನ ತೋರಿಸಬೇಕು. ತಪ್ಪು ನಂದು ಅಂತ ನಾನೇ ಹೇಳಬೇಕು."

ಕಲಿಯುವಾಗ ನಾನೊಮ್ಮೆ ಅವಸರದಲ್ಲಿ ಮೂಸದೆ ಸಹಿ ಹಾಕಿದ್ದಕ್ಕೆ ಬೆರಳ ಗಂಟಿಗೆ ಅಡಿಪಟ್ಟಿಯಿಂದ ಹೊಡೆದವರು ಇವರು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಅವರ ಪಕ್ಕ ಕೂತಿರಲು ನನಗೆ ಹೇಸಿಗೆಯಾಯಿತು. ಹೇಸಿಗೆಯಾದದ್ದಕ್ಕೆ ನನ್ನ ಮೇಲೂ ಹೇಸಿಗೆಯಾಯಿತು. ಮೂರು ದಿನ ಅವರ ಫೋನು ತೆಗೆಯಲಿಲ್ಲ. ನಾಲ್ಕನೆಯ ದಿನ ತೆಗೆದು, ಸಾಹೇಬರ ಹತ್ತಿರ ನಾನೇ ಮಾತಾಡುತ್ತೇನೆ ಎಂದೆ.

ನಮ್ಮ ಸಂಗ್ರಹಾಲಯದ ಸಾಹೇಬರು ಜನ ಸೇರುವ ಯಾವುದಕ್ಕೂ ಇಲ್ಲ ಎನ್ನುವವರಲ್ಲ. ಒಂದು ಭಾನುವಾರ ಮಧ್ಯಾಹ್ನ ಹೊಸ ಪ್ರತಿಯ ಪ್ರದರ್ಶನ ಎಂದು ಸಾರಿದರು. ನಾನು ಮೂರು ವಾರ ಕೂತು ಫಿಲ್ಮಿನ ಒಂದೊಂದು ಚೌಕವನ್ನೂ ಒರೆಸಿದೆ. ಮಾವ ದಿನವೂ ಬಂದು ಪಕ್ಕದಲ್ಲಿ ಕೂತು, ಹೇಳಬೇಕಾದ ಮಾತನ್ನು ತುಟಿಯಲ್ಲೇ ಅಭ್ಯಾಸ ಮಾಡುತ್ತಿದ್ದರು. ಜನ ಉಗಿಯುತ್ತಾರೆ, ಉಗಿಯಲಿ ಎನ್ನುತ್ತಿದ್ದರು. ಅದನ್ನು ಹೇಳುವಾಗ ಅವರ ಮುಖದಲ್ಲಿ ಒಂದು ನೆಮ್ಮದಿ ಇರುತ್ತಿತ್ತು.

ಆ ದಿನ ಸಭಾಂಗಣದಲ್ಲಿ ಎಳ್ಳು ಹಾಕಲು ಜಾಗವಿರಲಿಲ್ಲ. ಮೂರನೇ ಸುರುಳಿ ಬಂತು. ಆ ಮನುಷ್ಯ ಹಾಸಿಗೆಯ ಪಕ್ಕ ನಿಂತ, ತುಟಿ ಅದುರಿತು, ಎಂಜಲು ನುಂಗಿದ. ಎಲ್ಲೋ ಒಬ್ಬರು ಕಿಸಕ್ಕೆಂದರು. ಆಮೇಲೆ ಸಾಲು ಸಾಲೇ ನಕ್ಕಿತು. ಹಿಂದಿನಿಂದ ಯಾರೋ, ಇವನೇನು ಬಾಡಿಗೆ ಬಾಕಿ ಕೇಳೋಕೆ ಬಂದವನಾ ಎಂದರು. ಗುಳ್ಳೆ ಪ್ರೊಫೆಸರರು ಎದ್ದು ನಿಂತು ನಿಲ್ಲಿಸಿ ಎಂಬಂತೆ ಸಾಹೇಬರತ್ತ ಕೈಯಾಡಿಸಿದರು. ತಲೆ ತಗ್ಗಿಸಿ ನಾಚಿದ ಆ ಗಳಿಗೆ ನಗುವಿನಲ್ಲಿ ಕೊಚ್ಚಿಹೋಯಿತು. ಇಡೀ ಸಭಾಂಗಣವನ್ನು ಒಂದು ಡಬ್ಬಿಯಲ್ಲಿ ತುಂಬಿ ಮುಚ್ಚಳ ಹಾಕಿಬಿಡಬೇಕು ಅನ್ನಿಸಿತು.

ದೀಪ ಹತ್ತಿದ ಮೇಲೆ ಮಾವ ನನ್ನ ಭುಜ ಹಿಡಿದು ವೇದಿಕೆ ಹತ್ತಿದರು. ಮುಚ್ಚುಮರೆಯಿಲ್ಲದೆ ಹೇಳಿದರು: ವಾಸನೆಗೆ ಹೇಸಿದ್ದು, ಮೂಸದೆ ಸಹಿ ಹಾಕಿದ್ದು, ಸುಳ್ಳು ಹೇಳಿದ್ದು, ಒಬ್ಬ ನಟನ ಜೀವಮಾನದ ಕೆಲಸ ಹಾಳಾದದ್ದು. "ನೀವು ಇಷ್ಟು ವರ್ಷ ಮೆಚ್ಚಿದ್ದು ನನ್ನ ಸೋಮಾರಿತನಾನ. ದಯವಿಟ್ಟು ಇನ್ನು ಮೆಚ್ಚಬೇಡಿ" ಎಂದು ಕೈಮುಗಿದರು.

ಆಮೇಲೆ ಚಪ್ಪಾಳೆ. ಕೂತಿದ್ದವರೆಲ್ಲ ಎದ್ದು ನಿಂತು ತಟ್ಟಿದರು, ಸಿಳ್ಳೆ ಹೊಡೆದರು. ಪ್ರೊಫೆಸರರು ವೇದಿಕೆಗೇ ಓಡಿಬಂದು ಮಾವನ ಎರಡೂ ಕೈ ಹಿಡಿದು, ಇದು ಇನ್ನೂ ಅದ್ಭುತ, ಕಾಲವೇ ನಿಮ್ಮ ಕೈಯಿಂದ ಕೆಲಸ ಮಾಡಿಸಿದೆ ಎಂದು ಕಣ್ಣೀರು ತಂದುಕೊಂಡರು. ಸಾಹೇಬರು ಮೈಕು ಕಿತ್ತುಕೊಂಡು, ಇನ್ನು ಮುಂದೆ ಹಳೆಯ ಪ್ರತಿಯನ್ನೇ ತೋರಿಸುತ್ತೇವೆ, ಪಿಶಾಚಿಗೆ ಮುಖ ಕೊಟ್ಟವರು ಎಂದು ಇವರ ಹೆಸರನ್ನು ಭಿತ್ತಿಪತ್ರದಲ್ಲಿ ದಪ್ಪಕ್ಷರದಲ್ಲಿ ಹಾಕುತ್ತೇವೆ ಎಂದರು. ಒಬ್ಬಳು ಆ ಮುನ್ನೂರು ಪುಟದ ಪುಸ್ತಕ ತಂದು ಅವರ ಮುಂದೆ ಬಿಚ್ಚಿ ಪೆನ್ನು ಕೊಟ್ಟಳು. ಮಾವನಿಗೆ ಏನು ಕೊಟ್ಟರೆಂದು ತಿಳಿಯಲಿಲ್ಲ, ಪುಟವನ್ನು ಬೆರಳಲ್ಲಿ ಸವರಿದರು. ಸಹಿ ಬೇಕಂತೆ ಎಂದು ನಾನು ಹೇಳಿದೆ. ಪೆನ್ನು ಅವರ ಕೈಯಿಂದ ಜಾರಿತು. ಅವರನ್ನು ಎಳೆದುಕೊಂಡು ಪಕ್ಕದ ಬಾಗಿಲಿನಿಂದ ಹೊರಬಿದ್ದೆ.

ಹಿಂಬದಿಯ ಮೆಟ್ಟಿಲ ಮೇಲೆ ಬಿಸಿಲಿತ್ತು. ಒಳಗಿನ ಸದ್ದು ಅಲ್ಲಿಗೂ ಕೇಳುತ್ತಿತ್ತು. ಮಾವ ಕಂಬಿ ಹಿಡಿದು ನಿಂತರು, ಕೆಳಗಿಳಿಯಲಿಲ್ಲ.

"ನೀನಾದರೂ ಬೈಯೇ" ಎಂದರು.

ಸಮಾಧಾನ ಹೇಳಬೇಕು ಅನ್ನಿಸಿತು. ಆದರೆ ಅವರು ಕೇಳಿದ್ದು ಅದನ್ನಲ್ಲ.

"ನೀವು ಸೋಮಾರಿ ಮಾವ. ಮೂಗು ಮುಚ್ಚಿಕೊಂಡು ಒಂದು ಡಬ್ಬಿ ತೆಗೆಯೋಕಾಗಲಿಲ್ಲ ನಿಮಗೆ. ಅಷ್ಟು ಸಾಲದು ಅಂತ ಸುಳ್ಳು ಬೇರೆ ಹೇಳಿದ್ರಿ. ಆ ಮನುಷ್ಯ ಎಂಜಲು ನುಂಗಿದ್ದು ಇವತ್ತು ಒಳಗೆ ಒಬ್ಬರಿಗೂ ಕಾಣಲಿಲ್ಲ. ಇನ್ನು ಯಾವತ್ತೂ ಕಾಣಲ್ಲ. ಅದು ನಿಮ್ಮಿಂದ."

ಮಾವ ತಲೆಯಾಡಿಸಿದರು. ಕೈಚಾಚಿ ನನ್ನ ತೋಳು ಹಿಡಿದು ಒಂದು ಮೆಟ್ಟಿಲು ಇಳಿದರು.

"ಇನ್ನೂ" ಎಂದರು.

ನಾನು ಬೈಯುತ್ತಲೇ ಅವರನ್ನು ಒಂದೊಂದೇ ಮೆಟ್ಟಿಲು ಇಳಿಸಿದೆ.