ಕಿಟಕಿ ಕಡೆಯ ಕೆನ್ನೆ

ನಮ್ಮ ಹೊಲಿಗೆ ಅಂಗಡಿಗೆ ಇರುವುದು ಒಂದೇ ಕಿಟಕಿ, ದೊಡ್ಡ ಗಾಜಿನದು. ಕಪ್ಪು ಬಟ್ಟೆಗೆ ಕಪ್ಪು ದಾರ ಓಡಿಸಲು ಬೆಳಕು ಬೇಕಲ್ಲ, ಅದಕ್ಕೇ ಮಿಷನ್ನು ಅದರ ಪಕ್ಕದಲ್ಲಿ. ಮೂವತ್ತೊಂದು ವರ್ಷ ನನ್ನ ತಮ್ಮ ಅಲ್ಲೇ ಕೂತ. ನಾನು ಒಳಗೆ ಕತ್ತರಿ ಹಿಡಿದೆ. ಈಗ ಅವನ ಬಲಗೆನ್ನೆ ನನಗೆ ತಮ್ಮನಂತಿದೆ, ಕಿಟಕಿ ಕಡೆಯ ಎಡಗೆನ್ನೆ ಸುಕ್ಕುಗಟ್ಟಿ ನನ್ನ ಅಪ್ಪನಂತಿದೆ.

ಅವನ ಸೊಂಟ ಸೋತ ಮೇಲೆ ಮಗಳು ಆ ಕುರ್ಚಿಗೆ ಬಂದಳು. ವರ್ಷ ತುಂಬಿಲ್ಲ, ಅವಳ ಎಡಗೆನ್ನೆಯಲ್ಲೂ ಕಂದು ಕಲೆ.

ಒಂದು ದಿನ ಆಸ್ಪತ್ರೆಯ ನರ್ಸಮ್ಮ ರವಿಕೆಯ ತೋಳು ಬಿಗಿಯಾಯಿತೆಂದು ಬಂದರು. ಅಪ್ಪ ಮಗಳಿಬ್ಬರ ಮುಖವನ್ನೂ ನೋಡಿದರು.

"ಟೈಲರಣ್ಣ, ಈ ಕಿಟಕಿ ಅಪ್ಪನ್ನ ತಿಂದು ಮಗಳಿಗೂ ಬಾಯಿ ಹಾಕಿದೆಯಲ್ಲ!"

"ಗಾಜು ಹಾಕಿದೆ ತಾಯಿ. ಒಂದು ದಿನಾನೂ ಚರ್ಮ ಸುಟ್ಟಿಲ್ಲ," ಎಂದ ತಮ್ಮ.

"ಸುಡೋ ಕಿರಣಾನ ಗಾಜು ಬಹುಪಾಲು ತಡೆಯುತ್ತೆ. ಸುಡದೇ ಒಳಗಿಳಿಯೋದನ್ನ ತಡೆಯಲ್ಲ. ಚರ್ಮದಲ್ಲಿ ಬೆಳಕು ಕುಡಿಯೋ ಕಣಗಳಿವೆ. ಕುಡಿದವು ಸುಮ್ನಿರಲ್ಲ, ಅಲ್ಲೇ ಇರೋ ಆಮ್ಲಜನಕಾನ ಕೆರಳಿಸ್ತವೆ. ಅದು ಪಕ್ಕದ ಪ್ರೋಟೀನ್ ಎಳೆಗಳನ್ನ ಹಾಳು ಮಾಡುತ್ತೆ. ಚರ್ಮಾನ ಬಿಗಿಯಾಗಿ ಹಿಡಿದಿರೋದೇ ಆ ಎಳೆ."

"ಕುಡುಕರ ಜಗಳಕ್ಕೆ ನಮ್ಮ ಕೆನ್ನೇನೇ ಬೇಕಿತ್ತಾ?" ತಮ್ಮ ನಕ್ಕ. ದಣಿದ ನಗು.

ನನಗೆ ಹಳೆಯದೊಂದು ನೆನಪಾಯಿತು. ಎದ್ದು ಚಿಂದಿಯ ಗಂಟು ಬಿಚ್ಚಿದೆ. ಹಿಂದೆ ಈ ಕಿಟಕಿಗೆ ಹಾಕಿದ್ದ ಪರದೆ. ಒಂದು ಪಟ್ಟೆ ಹಳದಿ, ಒಂದು ಪಟ್ಟೆ ಬಿಳಿ.

"ಎಳೆದು ನೋಡೋ."

ಎಳೆದ. ಹಳದಿ ಪಟ್ಟೆ ಪರ್ರನೆ ಹರಿಯಿತು. ಬಿಳಿ ಜಗ್ಗಲಿಲ್ಲ.

"ನೂಲು ಒಂದೇ, ಬಿದ್ದ ಬೆಳಕೂ ಒಂದೇ. ಹಳದಿ ಬಣ್ಣ ಬೆಳಕು ಕುಡಿದು ತನ್ನ ನೂಲನ್ನೇ ತಿಂದಿದೆ. ಇದೇನು ಸುಟ್ಟಿತ್ತೇನೋ?" ಎಂದೆ.

ಅವನು ಎಡಗೆನ್ನೆ ಸವರಿಕೊಂಡ. "ನಂದು ಪಿಸಿದು ಹೋಯ್ತು, ಬಿಡು. ಅವಳದು?"

"ಹೋದದ್ದು ಪೂರ್ತಿ ವಾಪಸ್ ಬರಲ್ಲ, ಇರೋದು ಉಳಿಯುತ್ತೆ," ಎಂದರು ನರ್ಸಮ್ಮ. "ಆದಷ್ಟು ಕಿಟಕಿಯಿಂದ ದೂರ ಕೂತ್ಕೊಳ್ಳಿ. ಗಾಜಿಗೆ ಕಿರಣ ತಡೆಯೋ ಹಾಳೆ ಅಂಟಿಸಿ. ತುಂಬುತೋಳು ಹಾಕಿ. ಮುಖಕ್ಕೆ ಬಿಸಿಲಿನ ಕ್ರೀಮು ಹಚ್ಚಿ. ಆ ಕಲೇನ ಡಾಕ್ಟರಿಗೆ ತೋರಿಸಿ."

"ಕತ್ತಲಲ್ಲಿ ಹೊಲಿಯೋದು ಹೇಗೆ ದೊಡ್ಡಪ್ಪಾ?" ಎಂದಳು ಹುಡುಗಿ.

"ಮಿಷನ್ನಿಗೆ ಒಂದು ದೀಪ ಹಾಕ್ಸೋಣ ಕಣಮ್ಮಾ."

ತಮ್ಮ ಸೊಂಟ ಹಿಡಿದುಕೊಂಡೇ ಎದ್ದು ಮಿಷನ್ನಿನ ಒಂದು ತುದಿ ಹಿಡಿದ. ಒಳಗೋಡೆಗೆ ಎಳೆದೆವು. ನೆಲದಲ್ಲಿ ಅದರ ಕಾಲಿನ ನಾಲ್ಕು ಗುಳಿ ಉಳಿದವು.

ಕಿಟಕಿ ಪಕ್ಕ ಕೂತು ದುಡಿಯುವವರೇ, ಗಾಡಿ ಓಡಿಸುವವರೇ, ಸುಡಲಿಲ್ಲ ಎಂದು ನೆಚ್ಚಬೇಡಿ. ಇವತ್ತೇ ಕನ್ನಡಿಯಲ್ಲಿ ಎರಡೂ ಕೆನ್ನೆ ನೋಡಿಕೊಳ್ಳಿ. ನಿಮ್ಮ ಕುರ್ಚಿಗೆ ನಾಳೆ ಬರುವವರ ಕೆನ್ನೆಯನ್ನೂ ನೋಡಿ. ನಾವು ನೋಡುವಷ್ಟರಲ್ಲಿ ಮೂವತ್ತೊಂದು ವರ್ಷ ಕಳೆದಿತ್ತು.